ಜಪಾನಿನ ಎರಡು ನುಡಿಗಳು, ಎರಡು ನೆಲೆಗಳು

ಅರ್ಥಕೋಶವು ನುಡಿಯ ಅರ್ಥವನ್ನು ಹೇಳೀತು. ಅದರ ಬೆಲೆಯನ್ನು ಅರಿಯಬೇಕಾದರೆ ಅದು ಬಾಳಿದ ನೆಲವನ್ನೇ ನೋಡಬೇಕು. ನಿಸರ್ಗ, ಬದುಕು, ಕ್ಷೇಮಗಳನ್ನು ಕುರಿತ ಜಪಾನೀ ನುಡಿಗಳು ಇಂದು ಲೋಕವೆಲ್ಲ ಹಬ್ಬಿವೆ. ಅವುಗಳಲ್ಲಿ ಎರಡನ್ನು ಅವುಗಳ ನೆಲೆಯಲ್ಲಿಟ್ಟು ನೋಡೋಣ.

ಮೊದಲನೆಯದು ‘ಶಿನ್‌ರಿನ್‌ಯೊಕು’. ‘ಶಿನ್‌ರಿನ್’ ಎಂದರೆ ಅರಣ್ಯ, ‘ಯೊಕು’ ಎಂದರೆ ಸ್ನಾನ. ಕಾಡಿನ ಗಾಳಿ, ಗಂಧ, ನೀರವತೆಗಳಲ್ಲಿ ಮೀಯುವುದೇ ಅರಣ್ಯಸ್ನಾನ. ಪದವೇನೂ ಪ್ರಾಚೀನವಲ್ಲ, 1982ರಲ್ಲಿ ಅಲ್ಲಿನ ಅರಣ್ಯ ಇಲಾಖೆ ರೂಪಿಸಿದ್ದು. ಈ ಸ್ನಾನದ ಮೊದಲ ಕೂಟ ನೆರೆದುದು ನಾಗಾನೋ ಪ್ರಾಂತದ ಕಿಸೋ ಕಣಿವೆಯ ಅಕಾಸಾವಾ ಕಾಡಿನಲ್ಲಿ. ಮುನ್ನೂರು ವರ್ಷ ದಾಟಿದ ಹಿನೋಕಿ ಮರಗಳು ಅಲ್ಲಿ ನೆಟ್ಟಗೆ ನಿಂತಿವೆ. ಎಲೆಗಳ ಸಂದಿನಿಂದ ಸೋರುವ ಬಿಸಿಲಿಗೂ ಆ ಜನ ‘ಕೊಮೊರೆಬಿ’ ಎಂಬ ಹೆಸರಿಟ್ಟಿದ್ದಾರೆ. ಆದರೆ ಆ ಕಾಡು ತಾನಾಗಿ ಉಳಿದುದಲ್ಲ. ಕೋಟೆ, ಪಟ್ಟಣಗಳನ್ನು ಕಟ್ಟಲು ಮರ ಕಡಿದು ಕಿಸೋ ಬೆಟ್ಟಗಳು ಬರಿದಾಗತೊಡಗಿದಾಗ, 1665ರಿಂದ ಓವಾರಿ ಸಂಸ್ಥಾನವು ಕಾಡುಗಳನ್ನು ಮುಚ್ಚಿ ಕಾವಲಿರಿಸಿತು. ‘ಒಂದು ಹಿನೋಕಿಗೆ ಒಂದು ತಲೆ’ ಎಂಬ ಮಾತು ಆ ಕಾಲದ ಕಾಠಿಣ್ಯಕ್ಕೆ ಸಾಕ್ಷಿ. ಇಂದಿನ ತಂಪಿನ ಹಿಂದೆ ಅಂದಿನ ಹಳ್ಳಿಗರ ಭಯವೂ ಇದೆ.

ಎರಡನೆಯ ನುಡಿ ‘ಇಕಿಗಾಯ್’, ಅಂದರೆ ಬಾಳಿನ ಹುರುಳು. ಇದರ ನೆಲೆ ಇನ್ನೂ ಕಠೋರವಾದುದು. ಒಕಾಯಾಮಾ ಪ್ರಾಂತದ ಒಳಗಡಲಿನಲ್ಲಿ ನಾಗಾಶಿಮಾ ಎಂಬ ದ್ವೀಪವಿದೆ. 1930ರಲ್ಲಿ ಕುಷ್ಠರೋಗಿಗಳಿಗಾಗಿ ‘ಐಸೇಯೆನ್’ ಎಂಬ ಸರ್ಕಾರಿ ಆಶ್ರಯಧಾಮ ಅಲ್ಲಿ ಸ್ಥಾಪಿತವಾಯಿತು. ರೋಗಿಯು ಮನೆಮಾರನ್ನು, ಎಷ್ಟೋ ವೇಳೆ ತನ್ನ ಹೆಸರನ್ನೂ ತೊರೆದು ಬರಬೇಕಾಗಿತ್ತು. ದಡ ಕಣ್ಣಳತೆಯಲ್ಲಿಯೇ ಇದ್ದರೂ ಸೇತುವೆ ಬಂದುದು 1988ರಲ್ಲಿ. ಮದ್ದು ದೊರೆತು ದಶಕಗಳು ಕಳೆದರೂ, ರೋಗಿಗಳನ್ನು ದೂರವಿರಿಸುವ ಕಾನೂನು ರದ್ದಾದುದು 1996ರಲ್ಲಿ.

ಮನೋವೈದ್ಯೆ ಮಿಯೆಕೊ ಕಾಮಿಯಾ 1957ರಿಂದ 1972ರವರೆಗೆ ಅಲ್ಲಿ ಸೇವೆ ಸಲ್ಲಿಸಿದರು. ಒಂದೇ ರೋಗ, ಒಂದೇ ದ್ವೀಪ. ಆದರೂ ಹಲವರು ಶೂನ್ಯಭಾವದಲ್ಲಿ ಕುಸಿದಿದ್ದರೆ, ಕೆಲವರು ಉಲ್ಲಾಸದಿಂದಿದ್ದರು. ಇದೇಕೆ? ಈ ಪ್ರಶ್ನೆಯ ಬೆನ್ನು ಹತ್ತಿ ಅವರು 1966ರಲ್ಲಿ ಇಕಿಗಾಯ್ ಕುರಿತ ತಮ್ಮ ಗ್ರಂಥವನ್ನು ಪ್ರಕಟಿಸಿದರು. ಅದೇ ದ್ವೀಪದಲ್ಲಿ 1953ರಲ್ಲಿ ಅಂಧ ರೋಗಿಗಳು ‘ನೀಲಿ ಹಕ್ಕಿ’ ಎಂಬ ಹಾರ್ಮೋನಿಕಾ ವಾದ್ಯವೃಂದವನ್ನು ಕಟ್ಟಿದ್ದರು. ಬೆರಳುಗಳು ಸ್ಪರ್ಶಜ್ಞಾನವನ್ನೇ ಕಳೆದುಕೊಂಡಿದ್ದುದರಿಂದ ಬ್ರೈಲ್ ಚುಕ್ಕೆಗಳನ್ನು ನಾಲಗೆಯಿಂದ ಓದಿ ಸ್ವರಗಳನ್ನು ಕಲಿತವರೂ ಅವರಲ್ಲಿದ್ದರು. ಕಣ್ಣಿಲ್ಲ, ಬೆರಳಿಲ್ಲ, ಊರಿಲ್ಲ; ಆದರೂ ನಾಳೆ ನುಡಿಸಬೇಕಾದ ರಾಗವೊಂದಿತ್ತು, ಕಾಯುವ ಸಂಗಡಿಗರಿದ್ದರು.

ದೀರ್ಘಾಯುಷ್ಯದ ಗುಟ್ಟೆಂದು ಇಕಿಗಾಯ್ ಇಂದು ಪುಸ್ತಕದಂಗಡಿಗಳಲ್ಲಿ ಮಾರಾಟವಾಗುತ್ತಿದೆ. ನಾಗಾಶಿಮಾ ಕಲಿಸುವ ಪಾಠ ಅದಕ್ಕಿಂತ ಆಳವಾದುದು. ತಾನು ಯಾರಿಗೋ ಬೇಕಾದವನು, ತನಗಾಗಿ ಒಂದು ಕೆಲಸ ಕಾದಿದೆ ಎಂಬ ಅರಿವು ಮನುಷ್ಯನನ್ನು ಎತ್ತಿ ಹಿಡಿಯುತ್ತದೆ. ಹಾಸಿಗೆ ಹಿಡಿದ ಹಿರಿಯರಿರುವ ಮನೆಗಳು ಈ ಮಾತನ್ನು ನೆನೆಯಬೇಕು. ಹೊತ್ತಿಗೆ ಸರಿಯಾಗಿ ಮದ್ದು, ಗಂಜಿ ಕೊಟ್ಟರೆ ಸಾಲದು; ಅವರ ಸಲಹೆ ಕೇಳಬೇಕು, ಕೈಲಾದೊಂದು ಕೆಲಸವನ್ನು ಅವರಿಗೇ ಬಿಡಬೇಕು.