ಯಾರನ್ನು ಚಿತ್ ಮಾಡಿದ?

ಮೈಸೂರು ದಸರಾ ಕುಸ್ತಿಗೆ ಮುನ್ನ ‘ಜೋಡಿ ಕಟ್ಟುವ’ ದಿನ ಹುಣಸೂರು, ಪಿರಿಯಾಪಟ್ಟಣ, ಕೆ.ಆರ್.ನಗರ, ಎಚ್.ಡಿ.ಕೋಟೆ ಕಡೆಯ ಪೈಲ್ವಾನರೂ ಬಂದು ನಿಲ್ಲುತ್ತಾರೆ. ಮೈಕಟ್ಟು ನೋಡಿ ಸರಿಜೋಡಿ ಹುಡುಕುವುದು ಪದ್ಧತಿ. ಗೆದ್ದು ಬಂದವನ ಬಗ್ಗೆ ಗರಡಿಯ ಹಿರಿಯರ ಮೊದಲ ಪ್ರಶ್ನೆ, ‘ಯಾರನ್ನು ಚಿತ್ ಮಾಡಿದ?’

ಫಿಲಿಪೀನ್ಸ್‌ನ ಬಾಕ್ಸರ್ ಮ್ಯಾನಿ ಪಕಿಯಾವೊನನ್ನೂ ಹೀಗೆಯೇ ಅಳೆಯಬೇಕು. ಎಂಟು ತೂಕದ ವಿಭಾಗಗಳಲ್ಲಿ ಚಾಂಪಿಯನ್ ಎಂದೇ ಅವನ ಖ್ಯಾತಿ. 1998ರಲ್ಲಿ 50.8 ಕಿಲೋ ಮಿತಿಯ ಫ್ಲೈವೇಟ್ ಪಟ್ಟ ಗೆದ್ದ. ಮರುವರ್ಷ ಆ ತೂಕಕ್ಕೆ ಇಳಿಯಲಾಗದೆ ತಕ್ಕಡಿಯ ಮೇಲೆಯೇ ಪಟ್ಟ ಹೋಯಿತು. ಕಣದಲ್ಲೂ ಮೂರನೇ ಸುತ್ತಿಗೇ ಬಿದ್ದ. ಬೆಳೆಯುವ ಮೈಯನ್ನು ಉಪವಾಸ ಕೆಡವಿದರೆ ಇನ್ನೇನಾದೀತು!

2008ರಲ್ಲಿ ಡೇವಿಡ್ ಡಯಾಜ್‌ನಿಂದ ಕಸಿದ ಲೈಟ್‌ವೇಟ್ ಬೆಲ್ಟು ಲೆಕ್ಕಕ್ಕೆ ಒಂದು, ಅಷ್ಟೇ. 2003ರಲ್ಲಿ ಮಾರ್ಕೊ ಆಂಟೋನಿಯೊ ಬರೇರಾನನ್ನು 11ನೇ ಸುತ್ತಿನಲ್ಲಿ ಮಣಿಸಿದಾಗ ದೊಡ್ಡ ಮಂಡಳಿಗಳ ಯಾವ ಬೆಲ್ಟೂ ಪಣಕ್ಕಿರಲಿಲ್ಲ. ಆದರೆ ಬರೇರಾ ಅಂತಹ ಘಟಾನುಘಟಿ!

ಇನ್ನು 2010ರ ಮಾರ್ಗರಿಟೊ ಪಂದ್ಯ. 69.8 ಕಿಲೋ ಮಿತಿಯನ್ನು ಒಪ್ಪಂದದ ಮೇಲೆ 68ಕ್ಕೆ ಇಳಿಸಿದ್ದರು, ನಿಜ. ಆದರೂ ಕಣಕ್ಕಿಳಿದಾಗ ಎದುರಾಳಿ ಏಳೂವರೆ ಕಿಲೋಗೂ ಹೆಚ್ಚು ಭಾರವಿದ್ದ. ಹನ್ನೆರಡು ಸುತ್ತು ಮುಗಿದಾಗ ಮುಖ ಊದಿ, ಕಣ್ಣು ಮುಚ್ಚಿಹೋಗಿದ್ದು ಆ ದೊಡ್ಡ ಮೈಯವನದೇ.