ಪಕ್ಕದ ಮನೆಯವರ ಸಾಕ್ಷಿ

ಸಮಾಜಕಾರ್ಯ ಓದಿದವರಿಗೆಲ್ಲ ಮೇರಿ ರಿಚ್‌ಮಂಡ್ ಹೆಸರು ಗೊತ್ತು. 1917ರಲ್ಲಿ ಬಂದ ಅವರ ‘ಸೋಷಿಯಲ್ ಡಯಾಗ್ನೋಸಿಸ್’ ಓದಿದವರು ಮಾತ್ರ ಕಮ್ಮಿ. ನೆರವು ಕೇಳಿ ಬಂದವರ ಪರಿಸ್ಥಿತಿ ತಿಳಿಯಲು ಯಾರನ್ನೆಲ್ಲ ವಿಚಾರಿಸಬೇಕು ಅನ್ನುವುದಕ್ಕೇ ಅದರಲ್ಲಿ ಅಧ್ಯಾಯಗಟ್ಟಲೆ ಮೀಸಲು: ಬಂಧುಗಳು, ಡಾಕ್ಟರು, ಶಾಲೆ, ಕೆಲಸ ಕೊಟ್ಟವರು, ನೆರೆಹೊರೆ. ನೆರೆಯವರ ಮಾತನ್ನು ಹುಷಾರಾಗಿ ತೂಗಿ ಎಂದರು ಆಕೆ.

ನಮ್ಮ ಕಡೆ ನೋಡಿ. ಮಕ್ಕಳ ಕಲ್ಯಾಣ ಸಮಿತಿ ಸಾಮಾಜಿಕ ತನಿಖಾ ವರದಿ ಕೇಳಿರುತ್ತದೆ. ಮನೆಭೇಟಿಗೆ ಹೋದರೆ ಬಾಗಿಲಿಗೆ ಬೀಗ. ಕೇಳುವ ಮುಂಚೆಯೇ ಪಕ್ಕದ ಮನೆಯಾಕೆ ಶುರು: “ಅವ್ಳಾ? ಮನೇಲಿ ಎಲ್ಲಿರ್ತಾಳೆ ಮೇಡಂ, ಯಾವಾಗ್ಲೂ ಆಚೆನೇ.” ಇದೇ ಮಾತು ವರದಿಗೆ ಇಳಿದಾಗ ‘ತಾಯಿಗೆ ಮಗುವಿನ ಕಡೆ ಗಮನವಿಲ್ಲ’ ಆಗಿಬಿಡುತ್ತದೆ. ಆಚೆ ಅಂದರೆ ಎಲ್ಲಿ? ಬೆಳಗಿನ ಜಾವ ರಸ್ತೆ ಗುಡಿಸಲಿಕ್ಕೆ, ಆಮೇಲೆ ಮೂರು ಮನೆಯ ಪಾತ್ರೆ ತಿಕ್ಕಲಿಕ್ಕೆ. ಅಂಗನವಾಡಿ ಸಂಜೆ ನಾಲ್ಕಕ್ಕೆ ಮುಚ್ಚುತ್ತದೆ, ಅವಳು ಬರುವುದು ಏಳಕ್ಕೆ. ಆ ಮೂರು ಗಂಟೆ ಮಗುವನ್ನು ಯಾರು ನೋಡಿಕೊಳ್ಳಬೇಕು ಅನ್ನುವುದೇ ಅವಳ ಅಗತ್ಯ. ಆಪ್ತಸಮಾಲೋಚನೆಗೆ ಕಳಿಸಿದರೆ ಅರ್ಧ ದಿನದ ಕೂಲಿ ಹೋಗುತ್ತದೆ, ಅಷ್ಟೇ.

2015ರ ಬಾಲನ್ಯಾಯ ಕಾಯ್ದೆ ಈ ತನಿಖೆಗೆ 15 ದಿನ ಕೊಡುತ್ತದೆ. ರಾತ್ರಿ ಎಂಟರ ಮೇಲೆ ಇನ್ನೊಮ್ಮೆ ಹೋಗಿಬರಲು ಧಾರಾಳ ಸಾಕು.