‘ಏನಪಾ ಅಂದ್ರ’ ಎಣಿಸಿ, ‘ಮಾಡ್ಲಕತ್ತೀನಿ’ ಎಣಿಸಬ್ಯಾಡ್ರಿ

ಆರು ನಿಮಿಷದ ಭಾಷಣದಲ್ಲಿ ‘ಏನಪಾ ಅಂದ್ರ’ 14 ಸಲ ಬಂದಿತ್ತು. ಎಣಿಸಿದವರು ನಗಲಿಲ್ಲ, ಉಪದೇಶ ಮಾಡಲಿಲ್ಲ. ನೋಟ್‌ಬುಕ್ ನೋಡಿ ಓದಿದರು, ಕೂತರು. ಭಾಷಣ ಮಾಡಿದ ಅಣ್ಣನೇ ಮೊದಲು ನಕ್ಕ: “ಹೌದೇನ್ರಿ? ನನಗ ಒಂದೂ ಕೇಳ್ಸಿಲ್ಲ ನೋಡ್ರಿ!”

ಇದು ವಾಡಿಯಲ್ಲಿ ಭಾನುವಾರ ಸೇರುವ ಒಂದು ಸಣ್ಣ ಮಾತಿನ ಕೂಟ. ಎಳ್ಳ ಅಮಾವಾಸ್ಯೆಗೆ ಸೇಡಂಗೆ ಬಂದಿದ್ದಾಗ ಗೆಳೆಯ ಕರೆದುಕೊಂಡು ಹೋಗಿದ್ದ. ವಾಡಿಯೇ ಯಾಕೆ ಅಂದ್ರೆ, ಅದು ಜಂಕ್ಷನ್. ಸೇಡಂ, ಚಿತ್ತಾಪುರದವರು ಒಂದು ಕಡೆಯಿಂದ ರೈಲಿನಲ್ಲಿ ಬರ್ತಾರೆ, ಶಹಾಬಾದಿನವರು ಇನ್ನೊಂದು ಕಡೆಯಿಂದ. ಚಿಂಚೋಳಿಗೆ ರೈಲಿಲ್ಲ, ಆ ಕಡೆಯವರು ಸೇಡಂವರೆಗೆ ಬಸ್ಸಿಗೆ ಬಂದು ಆಮೇಲೆ ರೈಲು ಹತ್ತಬೇಕು. ಟ್ಯೂಷನ್ ಕ್ಲಾಸಿನ ಒಂದು ಕೋಣೆ, ಪ್ಲಾಸ್ಟಿಕ್ ಕುರ್ಚಿ, ಹದಿನೆಂಟು ಜನ. ಮೈಕ್ ಇಲ್ಲ.

ಕೂಟದ ಪದ್ಧತಿ ಟೋಸ್ಟ್‌ಮಾಸ್ಟರ್ಸ್‌ನಿಂದ ಕಲಿತದ್ದು. ರಾಲ್ಫ್ ಸ್ಮೆಡ್ಲಿ ಎಂಬವರು 1924ರಲ್ಲಿ ಕ್ಯಾಲಿಫೋರ್ನಿಯಾದ ಸಾಂಟಾ ಆನಾದಲ್ಲಿ, ಅಲ್ಲಿನ ವೈಎಂಸಿಎಯಲ್ಲಿ ಶುರು ಮಾಡಿದ ಸಂಘ ಅದು. ಐಟಿ ಕಂಪನಿಗಳಲ್ಲಿ ಇರುವವರಿಗೆ ಹೆಸರು ಗೊತ್ತೇ ಇರುತ್ತೆ. ವಾಡಿಯವರು ಅದರ ಸದಸ್ಯರಲ್ಲ, ಕ್ರಮವನ್ನಷ್ಟೇ ತಗೊಂಡಿದ್ದಾರೆ. ಮೊದಲು ತಯಾರಿ ಮಾಡಿಕೊಂಡು ಬಂದ ಭಾಷಣ, 5ರಿಂದ 7 ನಿಮಿಷ. ಆಮೇಲೆ ಚೀಟಿ ಎತ್ತಿ ಆಶುಭಾಷಣ, 1ರಿಂದ 2 ನಿಮಿಷ. ಕೊನೆಗೆ ಪ್ರತಿ ಭಾಷಣಕ್ಕೂ ಒಬ್ಬರಿಂದ ವಿಮರ್ಶೆ, 2ರಿಂದ 3 ನಿಮಿಷ. ಗಡಿಯಾರ ಹಿಡಿದವರು ಭಾಷಣ 5 ನಿಮಿಷ ಆದಾಗ ಹಸಿರು ಕಾಗದ, 6ಕ್ಕೆ ಹಳದಿ, 7ಕ್ಕೆ ಕೆಂಪು ಎತ್ತಿ ತೋರಿಸ್ತಾರೆ. ಇನ್ನೊಬ್ಬರು ‘ಆ...’, ‘ಮತ್ತ...’, ‘ಏನಪಾ ಅಂದ್ರ’ ಎಣಿಸ್ತಾರೆ. ಮತ್ತೊಬ್ಬರು ಭಾಷೆ ಗಮನಿಸ್ತಾರೆ.

ಅವತ್ತಿನ ತಕರಾರು ಹುಟ್ಟಿದ್ದು ಈ ಮೂರನೆಯವರಿಂದ.

ಚಿಂಚೋಳಿ ಕಡೆಯ ಒಬ್ಬ ಹುಡುಗಿ, ನರ್ಸಿಂಗ್ ಓದ್ತಾ ಇದ್ದಾಳೆ. ಅದು ಅವಳ ಮೊದಲ ಭಾಷಣ, ವಿಷಯ ತೊಗರಿ ರಾಶಿ. ಹಿಂದಿನ ವರ್ಷ ಹೊಲಕ್ಕೆ ನೆಟೆ ರೋಗ ಬಿದ್ದು ಗಿಡ ನಿಂತಲ್ಲೇ ಒಣಗಿತ್ತಂತೆ. “ನಾಕು ಚೀಲನೂ ಆಗ್ಲಿಲ್ರಿ. ನಮ್ಮವ್ವ ರಾಶಿ ಮುಂದ ಕುಂತು ಕೈಯಾಗ ಕಾಳು ಹಿಡ್ಕೊಂಡು ನೋಡ್ಲಕತ್ತಿದ್ಳು. ಏನೂ ಮಾತಾಡ್ಲಿಲ್ಲ. ಮರುದಿನ ನನ್ನ ಕಾಲೇಜ್ ಫೀಸಿನ ರೊಕ್ಕ ತಂದು ಕೊಟ್ಳು. ಎಲ್ಲಿಂದ ತಂದ್ಳು, ಇವತ್ತಿಗೂ ಹೇಳಿಲ್ಲ.” ಕೋಣೆಯಲ್ಲಿ ಕುರ್ಚಿ ಸರಿದ ಸದ್ದೂ ಇರಲಿಲ್ಲ. ಹಳದಿ ಕಾಗದ ಎದ್ದ ಮೇಲೆ ಹತ್ತೇ ಸೆಕೆಂಡಿಗೆ ಮುಗಿಸಿದಳು. ‘ಏನಪಾ ಅಂದ್ರ’ ಒಂದೇ ಸಲ.

ಭಾಷೆ ಗಮನಿಸುತ್ತಿದ್ದ ಸರ್ ಎದ್ದರು. ಸ್ಪರ್ಧಾತ್ಮಕ ಪರೀಕ್ಷೆಗೆ ಪಾಠ ಮಾಡುವವರು, ಒಳ್ಳೆಯ ಮನುಷ್ಯ. ಏಳು ತಿದ್ದುಪಡಿ ಓದಿದರು. ‘ನೋಡ್ಲಕತ್ತಿದ್ಳು’ ಅಲ್ಲ, ‘ನೋಡುತ್ತಿದ್ದಳು’. ‘ಕೈಯಾಗ’ ಅಲ್ಲ, ‘ಕೈಯಲ್ಲಿ’. ‘ಕುಂತು’ ಅಲ್ಲ, ‘ಕುಳಿತು’. “ಇಂಟರ್‌ವ್ಯೂದಾಗ ಹಿಂಗ ಮಾತಾಡಿದ್ರ ನಗ್ತಾರಮ್ಮ” ಅಂದರು. ಅವಳು ತಲೆ ಆಡಿಸಿದಳು. ಆಶುಭಾಷಣಕ್ಕೆ ಚೀಟಿ ಡಬ್ಬಿ ಮುಂದೆ ಬಂದಾಗ “ಇವತ್ತು ಬ್ಯಾಡ್ರಿ ಸರ್” ಅಂದಳು.

ಸಿಮೆಂಟ್ ಫ್ಯಾಕ್ಟರಿಯಿಂದ ನಿವೃತ್ತರಾದ ಒಬ್ಬ ಕಾಕಾ ಹಿಂದಿನ ಸಾಲಿನಲ್ಲಿದ್ದರು. ಕೂತಲ್ಲಿಂದಲೇ ಕೇಳಿದರು: “ಸರ್, ಆಕಿ ಏನ್ ಹೇಳಿದ್ಳು, ನೆನಪದೇನ್ರಿ ತಮಗ?”

ಸರ್ ಸ್ವಲ್ಪ ತಡೆದು, “ರಾಶಿ... ಅವರ ತಾಯಿ... ಫೀಸಿನ ರೊಕ್ಕ...” ಅಂದರು.

“ನೆನಪದಲ್ಲ. ಅಂದ ಮ್ಯಾಲ ಆಕಿ ಭಾಷಾ ಆಕಿ ಕೆಲ್ಸ ಮಾಡ್ಯಾದ.”

ಸರ್ ಸುಮ್ಮನಾಗಲಿಲ್ಲ, ಅವರು ಹೇಳಿದ್ದರಲ್ಲೂ ಸತ್ಯ ಇತ್ತು. ಸಂವಿಧಾನದ 371(ಜೆ) ವಿಧಿಯಿಂದ 2013ರ ನಂತರ ನಮ್ಮ ಭಾಗದವರಿಗೆ ಕಾಲೇಜು ಸೀಟು, ಸರ್ಕಾರಿ ನೌಕರಿಯಲ್ಲಿ ಮೀಸಲಾತಿ ಸಿಕ್ಕಿದೆ. ಆದರೆ ನಾಲ್ಕು ಜನರ ಎದುರು ಕೂತು ಮಾತಾಡುವ ಧೈರ್ಯವನ್ನು ಯಾವ ವಿಧಿಯೂ ಕೊಡಲ್ಲ. ಬೆಂಗಳೂರಿಗೆ ಬಂದ ನಮ್ಮ ಕಡೆಯ ಎಷ್ಟೋ ಹುಡುಗರು ಮೀಟಿಂಗ್‌ನಲ್ಲಿ ಉತ್ತರ ಗೊತ್ತಿದ್ದರೂ ಬಾಯಿ ಬಿಡೋದಿಲ್ಲ. ಇಂಗ್ಲಿಷಿನ ಭಯ ಒಂದು ಕಡೆ, ‘ಇದೆಂಥಾ ಕನ್ನಡ ನಿಮ್ದು’ ಅನ್ನಿಸಿಕೊಳ್ಳುವ ಭಯ ಇನ್ನೊಂದು ಕಡೆ. ಮಕ್ಕಳಿಗೆ ಆ ನಗು ತಾಗದಿರಲಿ ಅಂತಲೇ ಸರ್ ತಿದ್ದುತ್ತಿದ್ದದ್ದು. ಆದರೆ ಅವತ್ತು ಆ ಹುಡುಗಿಯ ಬಾಯಿ ಮುಚ್ಚಿಸಿದ್ದೂ ಆ ತಿದ್ದುಪಡಿಯೇ.

ನಾನು ದಿನಾ ಮಾಡುವ ಕೋಡ್ ರಿವ್ಯೂನಲ್ಲೂ ಇದೇ ಪ್ರಶ್ನೆ ಬರುತ್ತೆ. ಪ್ರೋಗ್ರಾಂ ಎಲ್ಲಿ ಮುರಿಯುತ್ತೆ ಅಂತ ಹೇಳೋದು ಒಂದು ಕೆಲಸ. ‘ನಾನಾಗಿದ್ರೆ ಹೀಗೆ ಬರೀತಿರಲಿಲ್ಲ’ ಅನ್ನೋದು ಬೇರೆ ಮಾತು. ಎರಡನ್ನೂ ಒಂದೇ ಪಟ್ಟಿಯಲ್ಲಿ ಹಾಕಿದರೆ ಹೊಸದಾಗಿ ಸೇರಿದವರು ಮುಂದಿನ ಸಲ ಕೋಡ್ ಕಳಿಸೋದಕ್ಕೇ ಹೆದರ್ತಾರೆ. ‘ಏನಪಾ ಅಂದ್ರ’ 14 ಸಲ ಬಂದರೆ ಕೇಳುವವರಿಗೆ ದಾರಿ ತಪ್ಪುತ್ತೆ, ಅದನ್ನ ಎಣಿಸಲೇಬೇಕು. ‘ನೋಡ್ಲಕತ್ತಿದ್ಳು’ ಅಂದರೆ ಆ ಕೋಣೆಯಲ್ಲಿ ಯಾರ ದಾರಿಯೂ ತಪ್ಪಲಿಲ್ಲ.

ಇದನ್ನೆಲ್ಲ ಯೋಚಿಸುತ್ತಾ ವಾಪಸ್ ಸೇಡಂ ರೈಲು ಹತ್ತಿದರೆ, ಚಿತ್ತಾಪುರ ದಾಟಿದ ಮೇಲೆ ಮಳಖೇಡ ರೋಡ್ ಸ್ಟೇಷನ್ ಬರುತ್ತೆ. ಮಳಖೇಡ ಅಂದ್ರೆ ರಾಷ್ಟ್ರಕೂಟರ ಮಾನ್ಯಖೇಟ. ಸಿಕ್ಕಿರುವ ಕನ್ನಡ ಕೃತಿಗಳಲ್ಲೇ ಹಳೆಯದಾದ ‘ಕವಿರಾಜಮಾರ್ಗ’ವನ್ನು ಶ್ರೀವಿಜಯ ಬರೆದದ್ದು 9ನೇ ಶತಮಾನದಲ್ಲಿ, ಇಲ್ಲಿಂದ ಆಳಿದ ನೃಪತುಂಗನ ಆಸ್ಥಾನದಲ್ಲಿ. ಕನ್ನಡದ ತಿರುಳು ಎಲ್ಲಿದೆ ಅಂತ ಹೇಳುವಾಗ ಅದು ಕಿಸುವೊಳಲ್, ಕೊಪಣ, ಪುಲಿಗೆರೆ, ಒಕ್ಕುಂದಗಳ ನಡುವಿನ ನಾಡನ್ನು ಹೆಸರಿಸುತ್ತೆ. ರಾಜಧಾನಿ ಮಳಖೇಡಕ್ಕೇ ಅದರಲ್ಲಿ ಜಾಗ ಇಲ್ಲ! ಆದರೆ ಅದೇ ಪುಸ್ತಕ ಇನ್ನೊಂದು ಮಾತನ್ನೂ ಹೇಳುತ್ತೆ. ಕನ್ನಡಗಳಲ್ಲಿ ದೋಷ ಇಷ್ಟೇ ಅಂತ ಲೆಕ್ಕ ಹಾಕಲು ಹೊರಟರೆ ವಾಸುಕಿಗೂ ತಿಳಿಯದೆ ಬೇಸರ ಬಂದೀತು, ಯಾಕಂದ್ರೆ ದೇಸಿಗಳು ಬೇರೆ ಬೇರೆ. ಈ ನಾಡಿನ ಜನ ಹದವರಿತು ಮಾತಾಡಬಲ್ಲರು, ಆಡಿದ ಮಾತನ್ನು ಅರಿತು ವಿಚಾರಿಸಬಲ್ಲರು ಅಂತ ಹೊಗಳುವುದೂ ಅದೇ ಕೃತಿ. ಮಾತಾಡೋದು ಎಷ್ಟು ಮುಖ್ಯವೋ ಕೇಳಿ ತಿಳಿಯೋದೂ ಅಷ್ಟೇ ಮುಖ್ಯ. ಮಾತಿನ ಕೂಟ ಅನ್ನೋದು ಈ ಎರಡೂ ಕೆಲಸಕ್ಕೆ.

ಅವತ್ತು ಕೂಟದವರು ಒಂದು ಹೊಸ ನಿಯಮ ಮಾಡಿಕೊಂಡರು. ಭಾಷಣ ಶುರು ಮಾಡುವ ಮುಂಚೆ ‘ಇವತ್ತು ಪುಸ್ತಕದ ಕನ್ನಡ ರೂಢಿ ಮಾಡ್ಕೋತೀನಿ’ ಅಥವಾ ‘ಇಂಗ್ಲಿಷ್ ರೂಢಿ ಮಾಡ್ಕೋತೀನಿ’ ಅಂತ ಹೇಳಿದವರಿಗೆ ಮಾತ್ರ ಭಾಷೆ ತಿದ್ದುವುದು. ಏನೂ ಹೇಳದಿದ್ದರೆ ಅವರವರ ಮನೆಮಾತು ಅವರವರದು. ಸಮಯ, ತಡವರಿಕೆ, ಅರ್ಧಕ್ಕೆ ನಿಂತ ವಾಕ್ಯ, ಇವಿಷ್ಟನ್ನೇ ಎಲ್ಲರಿಗೂ ಎಣಿಸುವುದು. ಸರ್ ಕೂಡ ಕೈ ಎತ್ತಿದರು.

ಹೊರಡುವಾಗ ಆ ಹುಡುಗಿ ಅವರ ಹತ್ತಿರ ಹೋದಳು. “ಸರ್, ಆ ಏಳು ಬರ್ದದ್ದು ಫೋಟೋ ತಗೋತೀನ್ರಿ. ಇಂಟರ್‌ವ್ಯೂಕ್ಕ ಬೇಕಾಗ್ತದ. ಆದ್ರ ರಾಶಿ ಕಥಿ ಮಾತ್ರ ಹಿಂಗೇ ಹೇಳ್ತೀನಿ.”

ನಿಮ್ಮ ಊರಲ್ಲೂ ಇಂಥ ಕೂಟ ಶುರು ಮಾಡಬಹುದು. ಖರ್ಚು ಅಂತ ಏನೂ ಇಲ್ಲ. ಎಂಟು ಹತ್ತು ಜನ, ಫೋನಿನ ಸ್ಟಾಪ್‌ವಾಚ್, ಮೂರು ಬಣ್ಣದ ಕಾಗದ, ಒಂದು ನೋಟ್‌ಬುಕ್ ಸಾಕು. ಮೊದಲ ದಿನ ನಾಲ್ಕು ನಿಮಿಷ ತಮ್ಮ ಪರಿಚಯ ಹೇಳಿಕೊಂಡರೂ ಸಾಕು. ಏನನ್ನು ಎಣಿಸ್ತೀವಿ, ಏನನ್ನು ಎಣಿಸಲ್ಲ ಅನ್ನೋದನ್ನ ಮಾತ್ರ ಮೊದಲ ಪುಟದಲ್ಲೇ ಬರೆದುಬಿಡಿ.